ಹನ್ನೆರಡನೆಯ ಚಾನೆಲ್ಲು

ಮೊದಲು ಎಲ್ಲವನ್ನೂ ತಗ್ಗಿಸು, ಅಂದಳು ಮ್ವನಖೇರಿ,
ನೆಂಟರನ್ನು ಕರೆಯುವ ಮುಂಚೆ ಮನೆ ಗುಡಿಸುವುದಿಲ್ಲವೇ, ಹಾಗೆ.
ಮಿಕ್ಸರಿಗೆ ಮೊದಲು ಕರೆಂಟು, ಆಂಪ್ಲಿಫೈಯರಿಗೆ ಕೊನೆಗೆ.
ತಿರುಗಾಮುರುಗಾ ಆದರೆ ಧಡ್ಡೆಂದು
ಸ್ಪೀಕರಿನ ಎದೆ ಒಡೆದೀತು.
ಹೋದ ವರ್ಷ ಒಡೆದದ್ದು ನನ್ನ ಕೈಯಲ್ಲೇ.
ಅವಳದನ್ನು ಎತ್ತಲಿಲ್ಲ. ನಾನೂ.

ಜಂಜಿಬಾರಿನ ಹಳೇಪೇಟೆ. ಮಹಡಿಯ ಮೇಲೆ ನಮ್ಮ ಕ್ಲಬ್ಬು.
ಕಡಲಗಾಳಿ ಯಾವುದನ್ನೂ ಬಿಡುವುದಿಲ್ಲ,
ಜ್ಯಾಕಿನ ಹಿತ್ತಾಳೆಗೆ ಹಸಿರು ಕಿಲುಬು ಹತ್ತಿಸಿದೆ.
ಹರಿದ ಕಾಂಗಾದ ಚೂರಿಗೆ ಸ್ಪಿರಿಟ್ ಹಾಕಿ
ಒಂದೊಂದು ಪಿನ್ನನ್ನೂ ಉಜ್ಜುತ್ತೇನೆ.
ಬಟ್ಟೆಯಂಚಿನ ಗಾದೆಯಲ್ಲಿ ಉಳಿದಿರುವುದು ಅರ್ಧ:
ಆಡಿಕೊಳ್ಳುವವರು ಆಡಿ

ಹದಿನಾಲ್ಕು ಜನ, ಹನ್ನೆರಡು ತೂತು.
ಮೂರು ಪಿಟೀಲಿಗೆ ಒಂದೇ ಮೈಕು,
ಮೊಣಕೈ ತಿವಿದುಕೊಂಡು ನಿಲ್ಲಲಿ.
ಅಕಾರ್ಡಿಯನ್ನಿಗೆ ಒಂದು, ಬೆರಳಾಡುವ ಮಗ್ಗುಲಿಗೆ.
ಡಂಬಕ್ಕಿಗೆ ಜಾಲರಿ ನೆಗ್ಗಿದ ಹಳೆಯದೇ ಸಾಕು,
ಪೆಟ್ಟು ತಿಂದು ಗೊತ್ತು ಅದಕ್ಕೆ.
ಕೀಬೋರ್ಡು ನೇರ ಬರುವಂತಿಲ್ಲ, ನಡುವೆ ಒಂದು ಡಬ್ಬಿ, ದಲ್ಲಾಳಿಯ ಹಾಗೆ.
ಇನ್ನು ಕಾನೂನು. ಕೋರ್ಟಿನದಲ್ಲ,
ತೊಡೆಯ ಮೇಲಿಟ್ಟು ಮೀಟುವ ಎಪ್ಪತ್ತೆಂಟು ತಂತಿಯ ಹಲಗೆ.
ಅದರ ಹೊಟ್ಟೆಗೆ ಮೇಣ ಸವರಿ ಬಿಲ್ಲೆ ಅಂಟಿಸುವಾಗ
ಮುದುಕ ಮ್ವಿನ್ಯಿ ಮುಖ ಆಚೆ ಮಾಡುತ್ತಾನೆ,
ಮಗುವಿಗೆ ಸೂಜಿ ಹಾಕಿಸಲು ಬಂದವನಂತೆ.

ಬಿಳಿ ಟೇಪಿನ ಮೇಲೆ ಹೆಸರು ಬರೆದೆ.
ಹನ್ನೊಂದು ತುಂಬಿತು. ಹನ್ನೆರಡು ಖಾಲಿ.

ಫೇಡರ್ ಏರಿಸಿದರೆ ಅದೇ ಗುಂಯ್.
ವರ್ಷಗಳಿಂದ ಇದ್ದದ್ದು, ಸೊಳ್ಳೆಯ ಹಾಗೆ ಒಗ್ಗಿಹೋದದ್ದು.
ಆದರೆ ಇವತ್ತು ರೇಡಿಯೋದವರು ಬರುತ್ತಾರೆ.
ಒಂದೊಂದೇ ಕೇಬಲ್ಲು ಕಿತ್ತೆವು. ಇದೆ.
ಡಬ್ಬಿಯ ಗುಬುಟು ಒತ್ತಿ ಭೂಮಿಯಿಂದ ಬಿಡಿಸಿದೆವು. ಇದೆ.
ಮ್ವನಖೇರಿ ಚಪ್ಪಲಿ ಬಿಟ್ಟು, ಗೋಡೆಗುಂಟ ವೈರು ಹಿಡಿದು ಹೊರಟವಳು
ಹೋಗಿ ನಿಂತದ್ದು ಸೋಡಾ ಮಾರುವ ಪಂಡುವಿನ ಫ್ರಿಜ್ಜಿನ ಮುಂದೆ.
ಪ್ಲಗ್ಗು ಎಳೆದಳು.

ಆಗ ಕೇಳಿತು ನೋಡಿ, ಕೆಳಗೆ ಬೀದಿಯಲ್ಲಿ
ಯಾರೋ ಕಾಫಿ ಬಟ್ಟಲು ತಾಕಿಸುವ ಸದ್ದು.

ಬಿ ಟಾಟು ಮೆಟ್ಟಿಲು ಹತ್ತಿ ಬಂದಳು, ಎಪ್ಪತ್ತೊಂಬತ್ತರ ಮೊಣಕಾಲು.
ಮೈಕಿನೆದುರು ನಿಂತು ಬಾಯಿ ತೆರೆದಳು, ಮುಚ್ಚಿದಳು.
ಎಲ್ಲಿ ಹೋಯಿತು? ಅಂದಳು.
ಯಾವುದು?
ನನ್ನ ಶ್ರುತಿ.
ಹನ್ನೊಂದು ವರ್ಷದಿಂದ ಅದರ ಮೇಲೇ ಕಾಲೂರಿದ್ದೇನೆ,
ನಿಮ್ಮಲ್ಲಿ ಯಾರು ತೆಗೆದಿರಿ?

ಮ್ವಿನ್ಯಿ ತಂತಿಯ ಬುಡದ ಪುಟ್ಟ ಸನ್ನೆಗಳನ್ನು ನೋಡಿದ.
ಅದಕ್ಕೇನೇ, ಅಂದ ತನಗೆ ತಾನೇ,
ಈ ಒಂದನ್ನು ಮಾತ್ರ ಕಾಲುಪಾಲು ಎತ್ತುತ್ತಾ ಬಂದದ್ದು ನಾನು.

ಮ್ವನಖೇರಿ ಬೈಯಲಿಲ್ಲ.
ಕೆಳಗಿನ ದರ್ಜಿಯ ಅಂಗಡಿಯಿಂದ ಬೇರೆ ಕರೆಂಟು ಎಳೆಸಿ
ಫ್ರಿಜ್ಜಿಗೆ ಮತ್ತೆ ಜೀವ ಕೊಟ್ಟಳು.
ಅದರ ಬೆನ್ನಿಗೆ ಒಂದು ಮೈಕು ಇಳಿಬಿಟ್ಟಳು.
ಮೂರು ಪಿನ್ನು, ಒಂದು ಕ್ಲಿಕ್ಕು, ಹನ್ನೆರಡನೆಯ ತೂತು.
ಫೇಡರ್ ಕೆಳಗೇ ಇರಲಿ, ಅಂದಳು, ಊರಿಗೆ ಬೇಡ, ರೇಡಿಯೋಗೆ ಬೇಡ.
ಮುದುಕಿಯ ಕಾಲಬುಡದ ಸ್ಪೀಕರಿಗೆ ಮಾತ್ರ, ಕೂದಲೆಳೆಯಷ್ಟು.
ಟೇಪಿನ ಮೇಲೆ ಬರೆದೆ: ಫ್ರಿಜ್ಜು.
ರೇಡಿಯೋದವನ ಬೆರಳು ಅಲ್ಲಿ ಒಂದು ಗಳಿಗೆ ನಿಂತಿತು,
ಏನೂ ಕೇಳದೆ ಮುಂದೆ ಹೋಯಿತು.

ಒಂದನ್ನು ಮಾತ್ರ ಮರೆತಿದ್ದೆವು.
ತಣ್ಣಗಾದ ಫ್ರಿಜ್ಜು ತಾನಾಗಿಯೇ ಸುಮ್ಮನಾಗುತ್ತದೆ.
ಅದು ಹೊಳೆದದ್ದು ಪಂಡುವಿಗೆ, ಎರಡನೆಯ ಹಾಡಿನ ನಡುವೆ.
ಸ್ಟೂಲು ಎಳೆದುಕೊಂಡು, ಬಾಗಿಲು ಅರ್ಧ ತೆರೆದು ಹಿಡಿದು
ಕೂತೇ ಇದ್ದ ರಾತ್ರಿಯಿಡೀ,
ಒಂದು ಮಂಡಿ ಚಳಿಯಲ್ಲಿ, ಒಂದು ಸೆಕೆಯಲ್ಲಿ,
ಬಾಟಲಿಗಳೆಲ್ಲ ಬೆವರುತ್ತ.