ಎಡಗಾಲಿನ ಬೂಟು

ಮೊದಲು ನೀರು ಚಿಮುಕಿಸು, ಅರೆಗ್. ಆಮೇಲೆ ಚೀಲ ಬಿಚ್ಚು.
ಇಪ್ಪತ್ತಾರು ವರ್ಷದಿಂದ ನಾನು ಹೇಳುತ್ತಿರುವುದು ಇಷ್ಟೇ.
ಹೊಸಬರೆಲ್ಲ ನಗುತ್ತಾರೆ:
ಕಲ್ಲಿಗೂ ಬಾಯಾರಿಕೆಯೇ, ವರ್ದುಹಿ ಅಕ್ಕ?

ಇಲ್ಲಿ ಬಾ. ಗಣಿಯಿಂದ ಬಂದದ್ದು ಹೀಗಿರುತ್ತದೆ:
ಬೂದು ಬಣ್ಣ, ಉಗುರು ತಾಗಿಸಿದರೆ ಸಿಪ್ಪೆ ಸಿಪ್ಪೆ,
ಈರುಳ್ಳಿಯ ಹಾಗೆ ಸುತ್ತುಸುತ್ತಾಗಿ ಬಿರಿದ ಗಾಜು.
ಬೆಟ್ಟ ಒಂದು ಕಾಲಕ್ಕೆ ಉಗುಳಿದ್ದು.
ಉಗುಳಿದ್ದು ಆರಿದ ಮೇಲೆ ಮಳೆಯದೋ ಹಿಮದ್ದೋ ನೀರನ್ನು
ಮೆಲ್ಲಗೆ ಹೀರಿ ಒಳಗೆ ಬಚ್ಚಿಟ್ಟುಕೊಂಡಿತು,
ನೂರಕ್ಕೆ ಮೂರು ಪಾಲು, ನಾಲ್ಕು ಪಾಲು.
ಎಷ್ಟು ಲಕ್ಷ ವರ್ಷ ಎಂದು ನನ್ನ ಕೇಳಬೇಡ.
ಹಿಂಡಿದರೆ ಬರುವುದಿಲ್ಲ. ಬಿಸಿಲಿಗೆ ಹರವಿದರೂ ಇಲ್ಲ.

ಕುಲುಮೆಯೊಳಗೆ ಒಂಬೈನೂರು ಡಿಗ್ರಿ.
ಗಾಜು ಮೆತ್ತಗಾದದ್ದೇ ತಡ
ಆ ಹಳೇ ನೀರು ಹಬೆಯಾಗಿ ಎದ್ದು ಹೊರಡುತ್ತದೆ,
ಹೋದ ಜಾಗವೆಲ್ಲ ಗುಳ್ಳೆ.
ಒಂದು ಬೊಗಸೆ ಕಲ್ಲಿಗೆ ಹದಿನೈದು ಬೊಗಸೆ ಅರಳು.
ಅರಳು ಅನ್ನದೆ ಇನ್ನೇನನ್ನಲಿ?
ಹೂವಿನದಲ್ಲ. ಅಜ್ಜಿ ತೊನಿರ್ ಒಲೆಯ ಬಿಸಿಗೆ
ಹುರಿದುಕೊಡುತ್ತಿದ್ದ ಗೋಧಿಯದೂ ಅಲ್ಲ.
ಚೀಲದ ಮೇಲೆ ಪರ್ಲೈಟ್ ಎಂದು ಅಚ್ಚು ಹಾಕುತ್ತಾರೆ,
ಮುತ್ತಿನಿಂದ ಬಂದ ಹೆಸರಂತೆ.
ಸಂಬಳದ ದಿನ ಮಾತ್ರ ಮುತ್ತು ನೆನಪಾಗುವುದಿಲ್ಲ ಅವರಿಗೆ.

ಊದಿದರೆ ಹಾರುತ್ತದೆ. ಬೆಂಕಿ ಹತ್ತುವುದಿಲ್ಲ,
ಕೊಳೆಯುವುದಿಲ್ಲ, ಹುಳು ಮುಟ್ಟುವುದಿಲ್ಲ.
ಗಾರೆಗೆ ಬೆರೆಸಿ ಗೋಡೆಗೆ ಮೆತ್ತಿದರೆ
ಜನವರಿಯ ಚಳಿ ಹೊಸ್ತಿಲಾಚೆ ನಿಲ್ಲುತ್ತದೆ.
ಸಾಧು ಕಲ್ಲು ಎನ್ನುತ್ತಾರೆ. ಹೌದು, ಸಾಧುವೇ.
ಸಾಧು ಎಂದು ನಂಬಿಯೇ ಗೆಘಾಮ್ ಕಣಜಕ್ಕಿಳಿದದ್ದು.

ಫೆಬ್ರವರಿ. ಕಣಜದ ಬಾಯಿ ಕಟ್ಟಿಕೊಂಡಿತ್ತು.
ಹೊರಗೆ ಲಾರಿಯವನು ಹಾರನ್ ಹೊಡೆದೇ ಹೊಡೆದ.
ಹಗ್ಗ ಅಂದೆ. ಹಿಮದ ಮೇಲೆ ಬೆಳೆದವನಿಗೆ
ಹಗ್ಗವೇ ಎಂದು ಏಣಿ ಹತ್ತಿದ.
ಬೆಳ್ಳಗೆ, ಸಮನಾಗಿ, ಹಾಸಿಗೆಯ ಹಾಗೆ ಬಿದ್ದಿತ್ತು ಅದು.
ಹೆಜ್ಜೆ ಇಟ್ಟ.
ಮೊಣಕಾಲು. ಸೊಂಟ.
ನೀರು ತೇಲಿಸುತ್ತದೆ, ಮಣ್ಣು ತಡೆಯುತ್ತದೆ,
ಇದಕ್ಕೆ ಎರಡೂ ಗೊತ್ತಿಲ್ಲ;
ಒದ್ದಾಡಿದಷ್ಟೂ ದಾರಿ ಬಿಡುತ್ತದೆ, ಕೆಳಕ್ಕೆ.
ನಾನು ಓಡಿ ಯಂತ್ರ ನಿಲ್ಲಿಸಿದೆ.
ಹಗ್ಗ ಎಸೆದು ನಾಲ್ವರು ಎಳೆದೆವು,
ಬಾವಿಯಿಂದ ಕರು ಎತ್ತಿದ ಹಾಗೆ.
ಬಂದ. ಎಡಗಾಲಿನ ಬೂಟು ಬರಲಿಲ್ಲ.
ಕೆಂಡದ ಕಣ್ಣು, ಎರಡು ದಿನ ಕೆಮ್ಮು,
ಹುಬ್ಬಿನ ಮೇಲೆಲ್ಲ ಬಿಳಿ, ಒಂದೇ ಗಳಿಗೆಗೆ ಮುದುಕ.

ಹನ್ನೊಂದನೇ ದಿನ ನನ್ನ ಚೀಲದ ಬಾಯಿಗೆ
ಧಪ್ಪೆಂದು ಬೂಟು ಬಿತ್ತು, ಕಂಠಮಟ್ಟ ತುಂಬಿಕೊಂಡು.
ನಕ್ಕೆ. ಆಮೇಲೆ ಅಲ್ಲೇ ಕುಳಿತುಬಿಟ್ಟೆ.
ಕಾಲು ಒಳಗೇ ಇದ್ದಿದ್ದರೆ?

ಏಣಿಯ ತುದಿಗೆ ಕೊಕ್ಕೆ ಕಾಣುತ್ತದಲ್ಲ, ಅವನೇ ಬೆಸೆದದ್ದು.
ಅಲ್ಲಿಗೆ ಒಬ್ಬನೇ ಹತ್ತಬೇಡ. ಹಗ್ಗವಿಲ್ಲದೆ ಇಳಿಯಬೇಡ.
ಮುಖಗವುಸು ಗಲ್ಲಕ್ಕಲ್ಲ, ಮೂಗಿಗೆ.
ಕಣ್ಣಿಗೆ ಬಿದ್ದರೆ ಉಜ್ಜಬೇಡ, ಗಾಜದು; ನೀರಲ್ಲಿ ತೊಳೆ.
ಒಣ ಪೊರಕೆಯನ್ನು ನಾನೇ ಒಲೆಗೆ ಹಾಕಿದ್ದೇನೆ, ಹುಡುಕಬೇಡ.
ಗಾಳಿಗೆ ಬೆನ್ನು ಕೊಟ್ಟು ಸುರಿ.
ವಿಷವಲ್ಲ ಇದು, ನಿಜ.
ಹಾಗೆಂದು ಉಸಿರಿನ ಜೊತೆ ಉಣ್ಣುವುದೂ ಅಲ್ಲ.

ಬೂಟೇ? ಗೇಟಿನ ಕಾವಲುಗಾರನ ಕಿಟಕಿಯಲ್ಲಿದೆ.
ಗೆಘಾಮ್ ಅದಕ್ಕೆ ತಳದಲ್ಲಿ ತೂತು ಕೊರೆದ,
ಇದ್ದದ್ದನ್ನು ಹಾಗೇ ಬಿಟ್ಟು ಮೇಲೆ ಎರಡು ಹಿಡಿ ಮಣ್ಣು ಹಾಕಿದ.
ನೇರಳೆ ಕಾಮಕಸ್ತೂರಿ, ಊಟಕ್ಕೆ ನಾವೆಲ್ಲ ಎಲೆ ಕೀಳುತ್ತೇವೆ.
ಎರಡು ದಿನ ನೀರು ಮರೆತರೂ ಬಾಡುವುದಿಲ್ಲ,
ಗುಳ್ಳೆಗಳ ಮೈಗೆ ಅಷ್ಟು ತೇವ ಅಂಟಿಕೊಂಡಿರುತ್ತದೆ.

ಚಿಮುಕಿಸಿದೆಯಾ? ಇನ್ನೂ ಸ್ವಲ್ಪ. ಅಂಚಿಗೂ.
ಹಾಂ, ಈಗ ಬಿಚ್ಚು.