ಹನ್ನೊಂದು, ಹದಿನೇಳಲ್ಲ

ಕಡೆಯ ದೋಣಿ ಹೊರ್ತಾಕ್ಕೆ ಹೋದ ಮೇಲೆ
ಟಿಕೆಟ್ ಕಿಂಡಿಗೆ ಅಗುಳಿ ಹಾಕಿ
ಕೌಂಟರಿನ ಕಂಪ್ಯೂಟರಿನಲ್ಲೇ ಬರೆದೆ:
ದೆಯೊಲಿಂದಾ ಸೆರ್ಪಾ, ಪೀಕೊ ದ್ವೀಪದವಳು,
ತಿಮಿಂಗಿಲ ಕಾಯುತ್ತಿದ್ದವಳು.

ಕಾಯುವುದೆಂದರೆ ಕಾಪಾಡುವುದಲ್ಲ,
ಕೊಲ್ಲುವವರ ಪರವಾಗಿ ನೋಡುವುದು.
ಬಂಡೆಯ ತುದಿಗೆ ಗೂಡು, ಗೋಡೆಯಲ್ಲಿ ಅಂಗೈಯಗಲದ ಸೀಳು,
ನಸುಕಿನಿಂದ ಬೈಗಿನವರೆಗೆ ಬರೀ ನೀರು.
ದೂರದಲ್ಲಿ ಒಂದು ಉಸಿರು ಬೆಳ್ಳಗೆ ಎದ್ದರೆ
ಆಕಾಶಬಾಣ ಹಚ್ಚಬೇಕು.
ಸದ್ದಿಗೆ ದ್ರಾಕ್ಷಿತೋಟದ ಗಂಡಸರು
ಕತ್ತರಿ ಬಿಸಾಕಿ ದಡಕ್ಕೆ ಓಡುವರು.

ಮೂರೇ ಪ್ಯಾರಾ. ಕಾಫಿ ಆರುವ ಮೊದಲೇ
ಪುಟದ ನೆತ್ತಿಗೆ ಹಳದಿ ಪಟ್ಟಿ ಬಿತ್ತು:
ಗಮನಾರ್ಹತೆ ಸಾಬೀತಾಗಿಲ್ಲ. ಉಲ್ಲೇಖ ಬೇಕು.
ಏಳು ದಿನಗಳಲ್ಲಿ ಅಳಿಸಲಾಗುವುದು.

ಹಾಕಿದವನ ಹೆಸರು ಕಗಾರ್ರು.
ಅದು ನಮ್ಮ ಕಡಲ ಹಕ್ಕಿ, ರಾತ್ರಿಯೆಲ್ಲ
ಮಗು ರಚ್ಚೆ ಹಿಡಿದಂತೆ ಕೂಗುತ್ತದೆ.
ಇವನೂ ರಾತ್ರಿಯೇ ಬರುವವನು. ಮರ್ಯಾದಸ್ಥ,
ಒಮ್ಮೆಯೂ ಏಕವಚನಕ್ಕೆ ಇಳಿಯಲಿಲ್ಲ.

"ಕಂಪನಿಯ ಖಾತೆ ನೋಡಿದ್ದೇನೆ.
ಆ ಗೂಡಿನ ಸಂಬಳ ಪಡೆದವರು ಅಮಾನ್ಸಿಯೊ ಸೆರ್ಪಾ,
ಇಪ್ಪತ್ತಮೂರು ವರ್ಷ, ತಿಂಗಳು ತಿಂಗಳೂ ಸಹಿ ಇದೆ."

ನಿಜ. ಸಹಿ ಅವನದೇ.
ಕಣ್ಣು?
ಪೊರೆ ಬಂದು, ಎದುರಿನ ಫಯಾಲ್ ದ್ವೀಪ
ಹಾಲಿಗೆ ಬಿದ್ದ ರೊಟ್ಟಿಚೂರಿನಂತೆ ಕರಗಿದ ವರ್ಷದಿಂದ
ಅವನು ಗೂಡಿನ ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದ,
ಸೀಳಿಗೆ ಕಣ್ಣು ಕೊಟ್ಟವಳು ಅವಳು.
ಕತ್ತಲಲ್ಲೇ ಅವನ ತೋಳು ಹಿಡಿದು ಹತ್ತುವಳು,
ನಡೆಸುವವಳಂತೆ ಅಲ್ಲ, ಆತುಕೊಂಡವಳಂತೆ.
ಕೆಳಗೆ ಗೊತ್ತಾದರೆ ಸಂಬಳ ಹೋಯಿತು.
ಪುರಾವೆ ಉಳಿಯದಂತೆ ನೋಡಿಕೊಳ್ಳುವುದೇ
ಅವಳ ಅರ್ಧ ಕೆಲಸವಾಗಿತ್ತು.
ಈಗ ಪುರಾವೆ ಎಲ್ಲಿ ಅನ್ನುತ್ತಾರೆ.

ನನಗೆ ಹೇಳಿದ್ದು ಮಗಳು ಇಡಲೀನಾ,
ಎಂಬತ್ತೊಂದರ ಮುದುಕಿ, ಚೀಸಿನ ಬುಟ್ಟಿ ಹೊತ್ತು
ಟಿಕೆಟ್ಟಿನ ಚಿಲ್ಲರೆಗೆ ಕೈಯೊಡ್ಡಿ ನಿಂತಾಗ.
"ಆಕೆಯ ಮಾತನ್ನು ಅಚ್ಚು ಹಾಕಿದವರು ಯಾರಾದರೂ?"
ಇಲ್ಲ.
"ಹಾಗಾದರೆ ಕ್ಷಮಿಸಿ."
ರೇಗಿತು. ನಿಮ್ಮಮ್ಮ ನಿಮ್ಮಮ್ಮನೇ ಎನ್ನಲು ಉಲ್ಲೇಖವೇನು ಎಂದೆ.
ತಕ್ಷಣ ಉತ್ತರ: ಲಾಜೆಸ್ ಚರ್ಚಿನ ನೋಂದಣಿ,
ಸಂಪುಟ ನಾಲ್ಕು, ಪುಟ ತೊಂಬತ್ತು.
ನಗು ಬಂತು. ಓ, ಇವನೂ ಇಲ್ಲಿಯವನೇ.
ಏಳನೇ ರಾತ್ರಿ ಪುಟ ಹೋಯಿತು.

ಇಷ್ಟೇ ಆಗಿದ್ದರೆ ಮರೆಯುತ್ತಿದ್ದೆ.

ಮಾರ್ಚಿನಲ್ಲಿ ಲಿಸ್ಬನ್ನಿನಿಂದ ಬಂತು ಹೊಳಪು ಕಾಗದದ ಪತ್ರಿಕೆ,
ತಿಮಿಂಗಿಲ ನೋಡಲು ಬರುವವರಿಗೆಂದು.
"ಹದಿನೇಳು ವರ್ಷ ಕಡಲು ಕಾದ ಹೆಣ್ಣು."
ನನ್ನವೇ ವಾಕ್ಯ, ನನ್ನವೇ ಅಲ್ಪವಿರಾಮ,
ಆ ರಾತ್ರಿ ಬೆರಳು ಜಾರಿ
ಒಂದರ ಜಾಗಕ್ಕೆ ಬಿದ್ದ ನನ್ನದೇ ಏಳು.
ಎತ್ತು ಈಯಿತು ಎಂದವನು ನಾನು;
ಅವರು ಕರುವನ್ನು ಕೊಟ್ಟಿಗೆಗೆ ಕಟ್ಟಿ
ಫೋಟೋನೂ ತೆಗೆದಿದ್ದರು.

ಕಗಾರ್ರು ಅಂದೇ ಬರೆದ, ಖುಷಿಯಲ್ಲಿ:
"ಸ್ವತಂತ್ರ ಮೂಲ ಸಿಕ್ಕಿತು! ಪುಟ ಮರಳಿಸಿದ್ದೇನೆ.
ಹದಿನೇಳು ವರ್ಷ, ಉಲ್ಲೇಖ ಒಂದು."
ಹನ್ನೊಂದು, ಎಂದೆ. ಹದಿನೇಳು ನನ್ನ ತಪ್ಪು.
ಬಹಳ ಹೊತ್ತು ಸುಮ್ಮನಿದ್ದು ಕೇಳಿದ:
"ನಿಮ್ಮ ತಪ್ಪು ಎನ್ನುವುದಕ್ಕೆ ಮೂಲ?"

ಭಾನುವಾರ ಗೂಡಿಗೆ ಹತ್ತಿದೆ.
ವರ್ಷಕ್ಕೊಂದರಂತೆ ಇದ್ದಿಲ ಗೀಟು ಎಳೆದಿದ್ದಳಂತೆ.
ಗೋಡೆಗೆ ಹೊಸ ಸುಣ್ಣ. ಪ್ರವಾಸಿಗರಿಗೆ ಎರಡು ಕುರ್ಚಿ,
ನಾಣ್ಯ ಹಾಕಿದರೆ ತೆರೆಯುವ ದುರ್ಬೀನು.
ಸೀಳಿನ ಕೆಳಗಿನ ಕಪ್ಪುಕಲ್ಲು ಮಾತ್ರ
ಮೊಣಕೈ ಊರುವ ಎರಡು ಕಡೆ ನುಣ್ಣಗೆ ಸವೆದಿತ್ತು.
ನನ್ನವನ್ನು ಊರಿ ನೋಡಿದೆ. ಕೂರಲಿಲ್ಲ.
ಆ ಎರಡು ಗುಳಿ ತೀರ ಹತ್ತಿರ ಹತ್ತಿರ,
ಸಣ್ಣ ಭುಜದ ಯಾರದೋ.
ಹೇಳಬಲ್ಲೆ, ಬರೆಯಲಾರೆ.

ಫಯಾಲ್ ಕಡೆ ಏನೋ ಬೆಳ್ಳಗೆ ಎದ್ದಂತಾಯಿತು,
ಅಲೆಯೋ, ಉಸಿರೋ.
ಇನ್ನೊಮ್ಮೆ ಎದ್ದರೆ ಹೇಳೋಣ ಎಂದು
ನಿಂತೇ ಇದ್ದೆ.