ಇಳಿಸುವುದು

ತೋರಣಗಲ್ಲಿನ ಮೇಲೆ ವಿಮಾನ ಒಂದು ಸುತ್ತು ಹೆಚ್ಚಿಗೆ ಹಾಕಿತು.
ಕೆಳಗೆ ನಮ್ಮದೇ ಚಿಮಣಿಗಳು, ನಮ್ಮದೇ ಕೆಂಪು ಧೂಳು,
ದರೋಜಿ ಕೆರೆ ಅಂಗೈಯಗಲ,
ಆಮೇಲೆ ಒಮ್ಮೆಲೇ ಏನೂ ಇಲ್ಲ, ಬರೀ ಮೋಡ.
ಸ್ಪೀಕರಿನಲ್ಲಿ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು,
ರೆಕ್ಕೆಯ ಪಂಕಾ ರಾಗ ಬದಲಿಸಿತು.
ಹೈದರಾಬಾದಿನಿಂದ ಅಲ್ಲೀತನಕ
ಶೇಂಗಾ ಸುಲಿದ ಹಾಗೆ ಮಾತು ಸುಲಿಯುತ್ತಿದ್ದ
ಕೌಲ್‌ಬಜಾರಿನ ಏಳು ಜನ ಹೆಂಗಸರು
(ಜೀನ್ಸ್ ಹೊಲಿಯುವವರು, ಯಾವುದೋ ಮೇಳ ಮುಗಿಸಿ ಬರುತ್ತಿದ್ದವರು)
ಸುಮ್ಮನಾದರು.

ನಾನೂ ಸುಮ್ಮನಿದ್ದೆ. ನನ್ನ ಸುಮ್ಮನೆ ಬೇರೆ.
ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನಿನವ ನಾನು, ಗಾದಿಲಿಂಗಪ್ಪ.
ಹತ್ತೊಂಬತ್ತು ವರ್ಷದಿಂದ
ಕುದಿಯುವ ಕೊಪ್ಪರಿಗೆ ಎತ್ತುತ್ತೇನೆ, ಸಾಗಿಸುತ್ತೇನೆ, ಇಳಿಸುತ್ತೇನೆ.
ಎತ್ತುವುದು ಮೋಟರಿನ ಕೆಲಸ,
ಇಳಿಸುವುದು ಮನುಷ್ಯನದು.
ಕೊನೆಯ ಒಂದು ಗೇಣು ಇದೆಯಲ್ಲ,
ತಲೆ ಮೇಲಿನ ತುಂಬಿದ ಕೊಡ ಕಟ್ಟೆಗೆ ಇಳಿಸುವಾಗ
ಮಾತಾಡಿಸಿದರೆ ನಮ್ಮವ್ವ ಉತ್ತರ ಕೊಡುತ್ತಿರಲಿಲ್ಲ,
ಆ ಗೇಣು.

ಅದಕ್ಕೇ ಕಿಟಕಿ ನೋಡಲಿಲ್ಲ.
ಕುಂಡಿಯಿಂದ ಕೇಳಿಸಿಕೊಂಡೆ.
ಈಗ ಬಿಡುತ್ತಿದ್ದಾಳೆ, ಈಗ ಹಿಡಿದಳು,
ಅಡ್ಡಗಾಳಿ ಬಂತು, ಮೂತಿ ತುಸು ವಾರೆ ಮಾಡಿದಳು,
ಹಾಂ, ಈಗ ಬಿಡು ತಾಯಿ, ಬಿಡು,
ಟಕ್.
ಒಂದು ಗಾಲಿ.
ಆಮೇಲೆ ಇನ್ನೊಂದು.

ಮೊದಲು ಚಪ್ಪಾಳೆ ತಟ್ಟಿದವಳು ಹಂಪಮ್ಮ.
ಎಷ್ಟು ತೊಳೆದರೂ ನೀಲಿ ಬಿಡದ ಬೆರಳು,
ಸೂಜಿ ತಿಂದ ಹೆಬ್ಬೆರಳು,
ಅವೇ ಕೈ.
ಅವಳ ಹಿಂದೆ ಆರೂ ಜನ, ಅವರ ಹಿಂದೆ ಒಂದು ಮಗು,
ಮಗು ನಿಲ್ಲಿಸಲೇ ಇಲ್ಲ.
ಮುಂದಿನ ಸಾಲಿನ ಟೈ ಕಟ್ಟಿದ ಸಾಹೇಬರು ತಿರುಗಿ ನಕ್ಕರು,
ಟಾಕೀಸಿನಲ್ಲಿ ಶಿಳ್ಳೆ ಹೊಡೆದವರನ್ನು ನೋಡುವ ಹಾಗೆ.
‘ಯಾಕ್ ನಗ್ತೀರಿ ಸಾರ್,
ಅಡಿಗಿ ಛಲೋ ಆದ್ರ ಬಾಯಿಬಿಟ್ಟು ಹೇಳಂಗಿಲ್ಲೇನು?’
ಅಂದಳು ಹಂಪಮ್ಮ.

ನಾನು ತಟ್ಟಲಿಲ್ಲ. ನಾಚಿಕೆಯಿಂದಲ್ಲ.
ಬಲಗೈ ಇನ್ನೂ ಅಲ್ಲಿ ಇಲ್ಲದ ಲಿವರನ್ನು ಹಿಡಿದುಕೊಂಡಿತ್ತು.

ಮೆಟ್ಟಿಲಿಳಿದು ತಿರುಗಿ ನೋಡಿದೆ.
ಮುಂದಿನ ಗಾಜಿನೊಳಗೆ ಬಗ್ಗಿದ ತಲೆ, ಏನೋ ಬರೆಯುತ್ತಿದ್ದಳು.
ನಮ್ಮ ಲಾಗ್‌ಬುಕ್ಕಿನಂಥದೇ ಇರಬೇಕು.
ಚಪ್ಪಾಳೆ ಅವಳಿಗೆ ಕೇಳಿತೋ ಇಲ್ಲವೋ.
ನಡುವೆ ಬಾಗಿಲಿತ್ತು.

ಇದನ್ನೆಲ್ಲ ಹೊನ್ನೂರವಲಿಗೆ ಹೇಳಬಾರದಿತ್ತು.
ಅವನು ಕೆಳಗೆ ನಿಂತು ನನಗೆ ಸನ್ನೆ ಮಾಡುವವನು.
ಆ ಸದ್ದಿನಲ್ಲಿ ಬಾಯಿ ಇದ್ದೂ ಇಲ್ಲ, ಕೈಯೇ ಮಾತು.
ಅಂಗೈ ಕೆಳಕ್ಕೆ ಅಂದರೆ ಇಳಿಸು,
ಬೆರಳು ಮಿಡಿದರೆ ಇನ್ನೂ ನಿಧಾನ,
ಮುಷ್ಟಿ ಅಂದರೆ ನಿಲ್ಲು.
ಎರಡೂ ಕೈ ಮೇಲೆ ಹೋದರೆ ಅನಾಹುತ,
ಯೋಚಿಸಬೇಡ, ಎಲ್ಲ ನಿಲ್ಲಿಸು.
ಶಭಾಸ್ ಅನ್ನುವುದಕ್ಕೆ ಪುಸ್ತಕದಲ್ಲಿ ಸನ್ನೆ ಇಲ್ಲ.

ಗುರುವಾರ ರಾತ್ರಿ, ಎರಡೂ ನಲವತ್ತು.
ಕೊಪ್ಪರಿಗೆ ಕೂತಿತು, ಹಕ್ಕಿ ಕೂತಷ್ಟು ಹಗುರ.
ಕೊಕ್ಕೆ ಇನ್ನೂ ಬಿಟ್ಟಿರಲಿಲ್ಲ.
ಕೆಳಗೆ ಹೊನ್ನೂರವಲಿಯ ಎರಡೂ ಕೈ
ಹೆಲ್ಮೆಟ್ಟಿನ ಮೇಲೆ.

ಕೆಂಪು ಗುಂಡಿ ಒತ್ತಿದೆ.
ಸೈರನ್ ಕೂಗಿತು. ಇಡೀ ಶೆಡ್ಡು ಕಲ್ಲಾಯಿತು.
ಎಲ್ಲಿ ಸೋರಿತು, ಯಾರು ಬಿದ್ದರು ಅಂತ
ಗಾಜಿಗೆ ಹಣೆ ಹಚ್ಚಿ ನೋಡುತ್ತೇನೆ,
ಆ ಕೈಗಳು ಕೂಡಿದವು, ಬಿಟ್ಟವು, ಮತ್ತೆ ಕೂಡಿದವು.
ದಪ್ಪ ಗ್ಲೌಸು.
ಸದ್ದೇ ಇಲ್ಲ.

ವಾಕಿಟಾಕಿಯಲ್ಲಿ ಇಂಜಿನಿಯರು ಬೈದದ್ದು
ಇಲ್ಲಿ ಬರೆಯುವಂಥದ್ದಲ್ಲ.
ಲಾಗ್‌ಬುಕ್ಕಿನಲ್ಲಿ ಬರೆದೆ:
ತುರ್ತು ನಿಲುಗಡೆ, ನಾಲ್ಕು ನಿಮಿಷ.
ಕಾರಣ ಎಂಬಲ್ಲಿ ಪೆನ್ನು ನಿಂತಿತು.
ಆ ಕಾಲಮ್ಮು ಬಹಳ ಸಣ್ಣದು.

ಕ್ಯಾಂಟೀನಿನಲ್ಲಿ ಬೆನ್ನಿಗೊಂದು ಗುದ್ದಿ ಕೇಳಿದೆ,
ಎದಿ ಒಡಸಿದ್ಯಲ್ಲೋ, ಕೈ ಯಾಕ ಎತ್ತಿದಿ?
ಚಹಾದೊಳಗೆ ಬನ್ನು ಅದ್ದುತ್ತ ಅಂದ:
‘ಕೆಳಗ ಹಿಡದು ತಟ್ಟಿದ್ರ
ನಿನಗ ಕಾಣಬೇಕಲ್ಲಣ್ಣ.’